ಐಸೆನಾಖ್‌ನಿಂದ ಲೈಪ್‌ಜಿಗ್‌ವರೆಗೆ: ಬಾಖ್‌ನ ಹಾದಿಯಲ್ಲಿ ಆರು ದಿನ

ಜರ್ಮನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಹುಟ್ಟಿದ್ದು 1685ರಲ್ಲಿ, ತೀರಿಕೊಂಡದ್ದು 1750ರಲ್ಲಿ. ಈ 65 ವರ್ಷಗಳಲ್ಲಿ ಅವನು ಜರ್ಮನಿಯ ಗಡಿ ದಾಟಿ ದೂರ ಹೋದವನಲ್ಲ. ಅವನು ಸಂಬಳಕ್ಕೆ ದುಡಿದ ಊರುಗಳೆಲ್ಲ ಇಂದಿನ ಥ್ಯೂರಿಂಗನ್, ಸಾಕ್ಸನಿ, ಸಾಕ್ಸನಿ-ಅನ್‌ಹಾಲ್ಟ್ ಎಂಬ ಮೂರು ರಾಜ್ಯಗಳೊಳಗೇ ಇವೆ. ಒಂದು ವಾರ ರಜೆ ಇದ್ದರೆ ಅವನ ಇಡೀ ಉದ್ಯೋಗ ಜೀವನವನ್ನು ಲೋಕಲ್ ರೈಲಿನಲ್ಲೇ ಸುತ್ತಿ ಬರಬಹುದು. ಹಾಗೆ ಊರಿಂದೂರಿಗೆ ಹೋದಾಗ ಒಂದು ಸಂಗತಿ ತಾನಾಗಿ ಕಣ್ಣಿಗೆ ಬೀಳುತ್ತದೆ. ಯಾವ ಊರಿನಲ್ಲಿ ಅವನಿಗೆ ಯಾವ ಕೆಲಸ ಇತ್ತೋ, ಕೈಗೆ ಯಾವ ವಾದ್ಯ, ಯಾವ ವಾದಕರು ಸಿಕ್ಕರೋ, ಆ ಊರಿನ ಸಂಗೀತ ಅದಕ್ಕೆ ತಕ್ಕಂತೆ ಹುಟ್ಟಿದೆ.

ಪ್ರವಾಸವನ್ನು ಸೋಮವಾರ ಶುರುಮಾಡಿ ಶನಿವಾರ ಮುಗಿಸುವುದು ಒಳ್ಳೆಯದು. ಜರ್ಮನಿಯಲ್ಲಿ ಸೋಮವಾರ ಬಹಳಷ್ಟು ಮ್ಯೂಸಿಯಂಗಳಿಗೆ ರಜೆ, ಲೈಪ್‌ಜಿಗ್‌ನ ಬಾಖ್ ಮ್ಯೂಸಿಯಂಗೂ ರಜೆ. ಐಸೆನಾಖ್‌ನ ಬಾಖ್‌ಹೌಸ್ ಮಾತ್ರ ವಾರವಿಡೀ ತೆರೆದಿರುತ್ತದೆ. ಇನ್ನೊಂದು ತುದಿಯಲ್ಲಿ, ಲೈಪ್‌ಜಿಗ್‌ನ ಥಾಮಸ್ ಚರ್ಚಿನಲ್ಲಿ ಹುಡುಗರ ಮೇಳ ಹಾಡುವುದು ಶುಕ್ರವಾರ ಸಂಜೆ 6ಕ್ಕೆ ಮತ್ತು ಶನಿವಾರ ಮಧ್ಯಾಹ್ನ 3ಕ್ಕೆ. ವಾರವನ್ನು ತಿರುಗುಮುರುಗು ಮಾಡಿಕೊಂಡರೆ ಎರಡೂ ಕೈತಪ್ಪುತ್ತವೆ.

ಮೂರೂ ರಾಜ್ಯಗಳಿಗೆ ಸೇರಿ ಒಂದೇ ದಿನದ ಟಿಕೆಟ್ ಸಿಗುತ್ತದೆ. ಐದು ಜನರವರೆಗೆ ಒಂದೇ ಟಿಕೆಟ್ಟಿನಲ್ಲಿ ಓಡಾಡಬಹುದು. ಆದರೆ ವಾರದ ದಿನಗಳಲ್ಲಿ ಅದು ಚಾಲ್ತಿಗೆ ಬರುವುದು ಬೆಳಗ್ಗೆ 9ರ ನಂತರ, ಮತ್ತು ಐಸಿಇ, ಐಸಿ ಎಂಬ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. 8:40ರ ರೈಲು ಹತ್ತಿ ದಂಡ ಕಟ್ಟುವವರು ಬಹಳ. ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಳ್ಳುವವರು ಅದೇ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಮರೆತರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ.

ಸೋಮವಾರ: ಐಸೆನಾಖ್

ಫ್ರಾಂಕ್‌ಫರ್ಟಿನಿಂದ ಐಸಿಇ ಹಿಡಿದರೆ ಎರಡು ತಾಸಿನೊಳಗೆ ಐಸೆನಾಖ್. ಸ್ಟೇಷನ್ನಿನಿಂದ ಊರೊಳಗೆ ನಡೆದೇ ಹೋಗಬಹುದು. ಮೊದಲು ಮಾರುಕಟ್ಟೆ ಚೌಕದ ಗೇಯೊರ್ಗನ್ ಚರ್ಚು. ಒಳಗಿರುವ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿ 1503ರದು. ಮಾರ್ಚ್ 21ರಂದು ಹುಟ್ಟಿದ ಮಗುವನ್ನು 23ರಂದು ತಂದು ನೀರು ಹಾಕಿಸಿದ್ದು ಇದರಲ್ಲೇ. ತಂದೆ ಯೋಹಾನ್ ಆಂಬ್ರೋಸಿಯಸ್ ಪುರಸಭೆಯ ಸಂಬಳ ಪಡೆಯುವ ವಾದಕ. ಬಾಖ್ ಕುಟುಂಬದಲ್ಲಿ ಸಂಗೀತವೆಂದರೆ ಮನೆತನದ ಕಸುಬು. ನಮ್ಮಲ್ಲಿ ನಾಗಸ್ವರದ ಮನೆತನಗಳಿರುವಂತೆ ಥ್ಯೂರಿಂಗನ್‌ನಲ್ಲಿ ಬಾಖ್‌ಗಳಿದ್ದರು.

ಫ್ರೌವನ್‌ಪ್ಲಾನ್‌ನ ಬಾಖ್‌ಹೌಸ್ ಅವನು ಹುಟ್ಟಿದ ಮನೆ ಎಂದು ಇಂದಿಗೂ ಹಲವರು ನಂಬಿದ್ದಾರೆ. ಅದು ಹುಟ್ಟಿದ ಮನೆಯಲ್ಲ. 1907ರಲ್ಲಿ ಮ್ಯೂಸಿಯಂ ಮಾಡಿದಾಗ ಹಾಗೆಂದುಕೊಂಡಿದ್ದರು, ಆಮೇಲೆ ದಾಖಲೆಗಳನ್ನು ನೋಡಿದಾಗ ತಪ್ಪೆಂದು ಗೊತ್ತಾಯಿತು. ಹಾಗಿದ್ದರೂ ಇಲ್ಲಿಗೆ ಬರಲೇಬೇಕು. ಗಂಟೆಗೊಮ್ಮೆ ಇಲ್ಲಿ ಹಳೆಯ ವಾದ್ಯಗಳನ್ನು ನುಡಿಸಿ ತೋರಿಸುತ್ತಾರೆ, ಅದು ಟಿಕೆಟ್ಟಿನಲ್ಲೇ ಸೇರಿದೆ. ತಿದಿಯ ಗಾಳಿಯಿಂದ ಕೊಳವೆಗಳು ನುಡಿಯುವ ಸಣ್ಣ ಆರ್ಗನ್, ತಂತಿಯ ಕೀಲಿಮಣೆ ವಾದ್ಯಗಳಾದ ಸ್ಪಿನೆಟ್, ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್ ಎಲ್ಲವೂ ಉಂಟು. ಮುಂದಿನ ಸಾಲಿನಲ್ಲಿ ಕೂರಬೇಕು, ಕ್ಲಾವಿಕಾರ್ಡಿನ ನಾದ ನಾಲ್ಕನೇ ಸಾಲಿಗೇ ಸರಿಯಾಗಿ ಮುಟ್ಟುವುದಿಲ್ಲ.

ವೀಣೆ ಕೇಳಿದ ಕಿವಿಗೆ ಕ್ಲಾವಿಕಾರ್ಡು ಬೇಗ ಹತ್ತಿರವಾಗುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಗರಿಯ ತುಣುಕೊಂದು ತಂತಿಯನ್ನು ಮೀಟಿ ದೂರ ಸರಿಯುತ್ತದೆ. ಮೀಟಿದ ಮೇಲೆ ನುಡಿಸುವವರು ಆ ಸ್ವರಕ್ಕೆ ಏನೂ ಮಾಡುವಂತಿಲ್ಲ. ಕ್ಲಾವಿಕಾರ್ಡಿನಲ್ಲಿ ಹಾಗಲ್ಲ. ಕೀಲಿಯ ಹಿಂತುದಿಯಲ್ಲಿ ಪುಟ್ಟ ಹಿತ್ತಾಳೆ ಅಲಗು ಇರುತ್ತದೆ. ಬೆರಳು ಒತ್ತಿದಾಗ ಅದು ಮೇಲೆದ್ದು ತಂತಿಗೆ ತಗುಲಿ ಅಲ್ಲೇ ನಿಲ್ಲುತ್ತದೆ. ನಾದ ಹುಟ್ಟಿಸುವುದೂ ಅದೇ, ವೀಣೆಯ ಮೆಟ್ಟಿಲಿನಂತೆ ತಂತಿಯ ಉದ್ದ ನಿಗದಿ ಮಾಡುವುದೂ ಅದೇ. ಬೆರಳನ್ನು ಇಟ್ಟಲ್ಲೇ ಸ್ವಲ್ಪ ಒತ್ತಿ ಸಡಿಲಿಸಿದರೆ ತಂತಿಯ ಬಿಗಿ ಬದಲಾಗಿ ಸ್ವರ ಕಂಪಿಸುತ್ತದೆ. ಜರ್ಮನರು ಇದನ್ನು ಬೇಬುಂಗ್ ಎನ್ನುತ್ತಾರೆ. ಗಮಕದಷ್ಟು ದೂರ ಹೋಗದಿದ್ದರೂ ಅದರ ಬೀಜ ಇಲ್ಲಿದೆ. ಹೆಚ್ಚು ಒತ್ತಿದರೆ ಸ್ವರ ಏರಿ ಅಪಶ್ರುತಿಯಾಗುತ್ತದೆ. ಈ ವಾದ್ಯ ನುಡಿಸುವವರ ಬೆರಳು ಹದವಾಗುವುದು ಇದೇ ಕಾರಣಕ್ಕೆ.

1694ರ ಮೇ ತಿಂಗಳಲ್ಲಿ ತಾಯಿ, 1695ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಹತ್ತು ತುಂಬುವ ಮೊದಲೇ ತಬ್ಬಲಿಯಾದ ಹುಡುಗನನ್ನು ಅಣ್ಣ ಯೋಹಾನ್ ಕ್ರಿಸ್ಟೋಫ್ ಓರ್ಡ್ರುಫ್‌ಗೆ ಕರೆದೊಯ್ದ. ಆ ಊರಿನ ಮಿಖಾಯೆಲಿಸ್ ಚರ್ಚಿನಲ್ಲಿ ಇಂದು ಉಳಿದಿರುವುದು ಗೋಪುರವೊಂದೇ. ಗೋಥಾದಿಂದ ಬಸ್ಸಿದೆ, ಸಮಯ ಕಡಿಮೆಯಿದ್ದರೆ ಬಿಟ್ಟರೂ ಸರಿ.

ಮಂಗಳವಾರ: ಆರ್ನ್‌ಷ್ಟಾಟ್, ಡೋರ್ನ್‌ಹೈಮ್

ಐಸೆನಾಖ್‌ನಿಂದ ಎರ್ಫುರ್ಟ್‌ಗೆ ಬಂದು ಚೀಲ ಅಲ್ಲಿ ಇಳಿಸಿ, ಎರಡು ರಾತ್ರಿ ಅಲ್ಲೇ ಉಳಿಯುವುದು ಅನುಕೂಲ. ಎರ್ಫುರ್ಟ್‌ನಿಂದ ಆರ್ನ್‌ಷ್ಟಾಟ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಆಗುವುದಿಲ್ಲ.

18 ವರ್ಷದ ಬಾಖ್‌ನನ್ನು 1703ರಲ್ಲಿ ಇಲ್ಲಿಗೆ ಕರೆಸಿದ್ದು ಹೊಸ ಆರ್ಗನ್ ಪರೀಕ್ಷೆ ಮಾಡಲು. ಕಟ್ಟಿದವನು ಯೋಹಾನ್ ಫ್ರೀಡ್ರಿಖ್ ವೆಂಡರ್. ಹುಡುಗ ನುಡಿಸಿದ್ದನ್ನು ಕೇಳಿ ಕೆಲಸವನ್ನೂ ಅವನಿಗೇ ಕೊಟ್ಟರು. ಊಟ ವಸತಿ ಸೇರಿ ವರ್ಷಕ್ಕೆ 84 ಗುಲ್ಡನ್ 6 ಗ್ರೋಷನ್. ಭಾನುವಾರ ಬೆಳಗ್ಗೆ ಎರಡು ತಾಸು, ಸೋಮವಾರ ಒಂದು ಪ್ರಾರ್ಥನೆ, ಗುರುವಾರ ಮತ್ತೆ ಎರಡು ತಾಸು ನುಡಿಸಿದರೆ ವಾರದ ಕೆಲಸ ಮುಗಿಯಿತು. ಮಿಕ್ಕ ದಿನವೆಲ್ಲ ಅಭ್ಯಾಸಕ್ಕೆ. ಇಪ್ಪತ್ತರ ಆಸುಪಾಸಿನ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಇನ್ನೇನಿರಲು ಸಾಧ್ಯ? 2025ರ ನವೆಂಬರಿನಲ್ಲಿ ಬಾಖ್‌ನದೇ ಎಂದು ಪ್ರಕಟಿಸಿ ಬಿಡಬ್ಲ್ಯೂವಿ (ಬಾಖ್ ಕೃತಿಗಳ ಅಧಿಕೃತ ಪಟ್ಟಿ) 1178, 1179 ಎಂದು ಸಂಖ್ಯೆ ಕೊಟ್ಟ ಎರಡು ಆರ್ಗನ್ ಶಕೋನ್‌ಗಳನ್ನು (ಮಂದ್ರದ ಒಂದೇ ಪಲುಕಿನ ಮೇಲೆ ಬೆಳೆಯುವ ರಚನೆ) ವಿದ್ವಾಂಸರು ಈ ಆರ್ನ್‌ಷ್ಟಾಟ್ ಕಾಲಕ್ಕೇ ಸೇರಿಸುತ್ತಾರೆ.

ಅವನು ನುಡಿಸಿದ ಚರ್ಚಿನೊಳಗೆ (ಈಗ ಅದರ ಹೆಸರೇ ಬಾಖ್ ಚರ್ಚು) ಹೋದಾಗ ತಲೆ ಎತ್ತಿ ನೋಡಬೇಕು. ಒಂದರ ಮೇಲೊಂದು ಎರಡು ಆರ್ಗನ್ ಇವೆ. ಕೆಳಗಿನದು 1913ರದು, ಮೇಲಿನ ಅಟ್ಟಣಿಗೆಯಲ್ಲಿರುವುದೇ ವೆಂಡರ್‌ನದು. 2000ದ ಹೊತ್ತಿಗೆ ಅದನ್ನು ಹಳೆಯ ರೂಪಕ್ಕೆ ಮರಳಿ ತಂದರು. ಬಾಖ್‌ನ ಕೈಕಾಲು ಆಡಿದ ಮೂಲ ಕೀಲಿಮಣೆ ಊರಿನ ಮ್ಯೂಸಿಯಂನಲ್ಲಿದೆ. ಬೇಸಿಗೆಯಲ್ಲಿ ಕಚೇರಿ ಇರುವ ದಿನ ನೋಡಿಕೊಂಡು ಬಂದರೆ ಈ ಆರ್ಗನ್ನನ್ನು ಕೇಳಬಹುದು.

ಆಡಳಿತ ಮಂಡಳಿಯ ಜೊತೆ ಅವನಿಗೆ ತಿಕ್ಕಾಟ ಶುರುವಾದದ್ದೂ ಇಲ್ಲೇ. 1705ರ ಆಗಸ್ಟಿನಲ್ಲಿ ಗೈಯರ್ಸ್‌ಬಾಖ್ ಎಂಬ, ಬಸೂನ್ (ಒಂದು ಊದುವ ವಾದ್ಯ) ನುಡಿಸುವ ವಿದ್ಯಾರ್ಥಿಯನ್ನು ಹೀಗಳೆದು, ರಾತ್ರಿ ಚೌಕದಲ್ಲಿ ಹೊಡೆದಾಟವಾಗಿ, ಬಾಖ್ ಕತ್ತಿ ಹಿರಿದ. ಆ ಶರತ್ಕಾಲದಲ್ಲೇ ನಾಲ್ಕು ವಾರ ರಜೆ ಕೇಳಿ ಲ್ಯೂಬೆಕ್‌ಗೆ, ಸುಮಾರು 400 ಕಿಲೋಮೀಟರ್, ಕಾಲ್ನಡಿಗೆಯಲ್ಲಿ ಹೊರಟ. ಅಲ್ಲಿ ಹೆಸರಾಂತ ಆರ್ಗನ್ ವಾದಕ ಮುದಿ ಬುಕ್ಸ್ಟೆಹೂಡ ಇದ್ದ. ಬಾಖ್ ವಾಪಸಾದದ್ದು ಸುಮಾರು ನಾಲ್ಕು ತಿಂಗಳ ಮೇಲೆ. 1706ರ ಫೆಬ್ರವರಿಯಲ್ಲಿ ಮಂಡಳಿ ಅವನನ್ನು ಕರೆದು ಕೇಳಿದ ಪ್ರಶ್ನೆಗಳು ದಾಖಲೆಯಲ್ಲಿ ಉಳಿದಿವೆ. ರಜೆ ಮೀರಿದ್ದು ಒಂದು ತಕರಾರು. ಅದಕ್ಕಿಂತ ನಮಗೆ ಮುಖ್ಯವಾದದ್ದು ಇನ್ನೊಂದು: ಭಕ್ತರ ಹಾಡಿಗೆ ಜೊತೆ ನುಡಿಸುವಾಗ ವಿಚಿತ್ರ ಪಲುಕುಗಳನ್ನೂ ಅನ್ಯ ಸ್ವರಗಳನ್ನೂ ಬೆರೆಸಿ ಜನರನ್ನು ಗಲಿಬಿಲಿ ಮಾಡುತ್ತಾನೆ ಎಂಬುದು. ಲ್ಯೂಬೆಕ್‌ನಲ್ಲಿ ಕಿವಿ ತುಂಬಿಕೊಂಡು ಬಂದವನ ಬೆರಳು ಸುಮ್ಮನಿರಲಿಲ್ಲ. ಚೌಕದಲ್ಲಿ 1985ರಲ್ಲಿ ನಿಲ್ಲಿಸಿದ ಪ್ರತಿಮೆಯ ಬಾಖ್‌ಗೆ ವಿಗ್ ಇಲ್ಲ, ಗಾಂಭೀರ್ಯವೂ ಇಲ್ಲ. ಕಾಲು ಚಾಚಿ ಒರಗಿ ಕೂತ ಪಡ್ಡೆ ಹುಡುಗ. ಅವನ ಪ್ರತಿಮೆಗಳಲ್ಲೆಲ್ಲ ಆ ಕಾಲಕ್ಕೆ ಅತ್ಯಂತ ನಿಜವಾದದ್ದು ಇದೇ ಎನ್ನಬೇಕು.

ಸಂಜೆಗೆ ಡೋರ್ನ್‌ಹೈಮ್. ಸುಮಾರು 4 ಕಿಲೋಮೀಟರ್, ನಡೆದೇ ಹೋಗಬಹುದು. 1707ರ ಅಕ್ಟೋಬರ್ 17ರಂದು ಬಾಖ್ ದೂರದ ಸೋದರ ಸಂಬಂಧಿ ಮಾರಿಯಾ ಬಾರ್ಬರಾಳನ್ನು ಮದುವೆಯಾದದ್ದು ಇಲ್ಲಿಯ ಸಣ್ಣ ಚರ್ಚಿನಲ್ಲಿ. ತೆರೆದಿರುವ ವೇಳೆ ಮೊದಲೇ ವಿಚಾರಿಸಿಕೊಳ್ಳಿ, ಬೀಗ ನೋಡಿ ಹಿಂದಿರುಗುವುದು ಬೇಡ.

ಬುಧವಾರ: ಮ್ಯೂಲ್‌ಹೌಸೆನ್

ಇಲ್ಲಿ ಅವನಿದ್ದದ್ದು ಒಂದೇ ವರ್ಷ, 1707ರಿಂದ 1708. ಸಂಬಳ 85 ಗುಲ್ಡನ್, ಜೊತೆಗೆ ಧಾನ್ಯ, ಸೌದೆ. ಅವನು ಬರುವ ಸ್ವಲ್ಪ ಮುಂಚೆ ಬೆಂಕಿ ಬಿದ್ದು ಊರಿನ ಒಂದು ಭಾಗವೇ ಸುಟ್ಟಿತ್ತು. ಆದರೂ ಪುರಸಭೆ ಸಂಗೀತಕ್ಕೆ ಕೈ ಬಿಗಿಹಿಡಿಯಲಿಲ್ಲ. ಹೊಸ ಪುರಸಭೆ ಅಧಿಕಾರ ವಹಿಸಿಕೊಂಡ 1708ರ ಫೆಬ್ರವರಿ 4ರಂದು ಮರಿಯನ್ ಚರ್ಚಿನಲ್ಲಿ ಹಾಡಿಸಿದ ಕ್ಯಾಂಟಾಟಾ (ಹಾಡುಗಾರರಿಗೂ ವಾದ್ಯಗಳಿಗೂ ಸೇರಿ ಬರೆದ ಹಲವು ಭಾಗಗಳ ರಚನೆ), ಬಿಡಬ್ಲ್ಯೂವಿ 71, ಅಚ್ಚೂ ಆಯಿತು. ಅವನ ಕ್ಯಾಂಟಾಟಾಗಳಲ್ಲಿ ಅವನ ಜೀವಮಾನದಲ್ಲಿ ಅಚ್ಚಾಗಿ ಇಂದಿಗೂ ಸಿಗುವುದು ಇದೊಂದೇ. ತುತ್ತೂರಿ ನಗಾರಿಗಳದೊಂದು ಗುಂಪು, ಕೊಳಲುಗಳದೊಂದು, ಓಬೋಗಳದೊಂದು, ತಂತಿವಾದ್ಯಗಳದೊಂದು, ಹೀಗೆ ಬೇರೆ ಬೇರೆ ಗುಂಪುಗಳಿಗೆ ಬರೆದಿದ್ದಾನೆ. ಮರಿಯನ್ ಚರ್ಚು ಈಗ ಮ್ಯೂಸಿಯಂ. ಒಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಹಾಗೆ ಗುಂಪು ಮಾಡಿ ಬರೆದದ್ದು ಅಷ್ಟು ಎತ್ತರದ ಜಾಗಕ್ಕೆ ಏಕೆ ಒಪ್ಪುತ್ತದೆಂದು ಕಿವಿಗೇ ತಿಳಿಯುತ್ತದೆ.

ಅವನ ಖಾಯಂ ಚರ್ಚು ಡೀವಿ ಬ್ಲಾಸಿ. ಅಲ್ಲಿಯ ಆರ್ಗನ್ ದುರಸ್ತಿಗೆ ಅವನು ಬರೆದುಕೊಟ್ಟ ಪಟ್ಟಿಯನ್ನು ಆರ್ಗನ್ ಕಟ್ಟುವವರು ಇಂದಿಗೂ ಓದುತ್ತಾರೆ. ಗಾಳಿ ಸಾಲದು, ಮೂರು ಹೊಸ ತಿದಿ ಬೇಕು. 32 ಅಡಿಯ ಸಬ್‌ಬಾಸ್ ಬೇಕು. ಗ್ಲೋಕನ್‌ಸ್ಪೀಲ್, ಅಂದರೆ ಕೀಲಿ ಒತ್ತಿದರೆ ಬಾರಿಸುವ 26 ಗಂಟೆಗಳ ಸಾಲು, ಬೇಕು. ಈ ಅಡಿ ಲೆಕ್ಕ ಹೀಗೆ: 8 ಅಡಿ ಎಂದು ಬರೆದ ಸ್ಟಾಪ್ (ಒಂದೇ ಬಗೆಯ ಕೊಳವೆಗಳ ಸಾಲು, ಅದನ್ನು ತೆರೆಯುವ ಗುಬಟು) ಕೀಲಿಯ ಸ್ವರವನ್ನೇ ಕೊಡುತ್ತದೆ, 16 ಅಡಿ ಒಂದು ಸ್ಥಾಯಿ ಕೆಳಗೆ, 32 ಅಡಿ ಎರಡು ಸ್ಥಾಯಿ ಕೆಳಗೆ. ತೆರೆದ ಕೊಳವೆಯಾದರೆ ಅತಿ ದೊಡ್ಡದು ಸುಮಾರು 10 ಮೀಟರ್ ಉದ್ದ. ಬಾಯಿ ಮುಚ್ಚಿದರೆ ಅರ್ಧ ಸಾಕು. ಸೆಕೆಂಡಿಗೆ 16ರಷ್ಟೇ ಕಂಪನ, ಕಿವಿಗಿಂತ ಮೊದಲು ಕೂತ ಬೆಂಚಿಗೆ ಗೊತ್ತಾಗುತ್ತದೆ. ಇಂಥ ಕೊಳವೆ ಗಾಳಿಯನ್ನು ಬಹಳ ಕುಡಿಯುವುದರಿಂದಲೇ ಅವನು ಪಟ್ಟಿಯಲ್ಲಿ ತಿದಿಯನ್ನು ಮೊದಲು ಬರೆದ. ಈಗಿರುವ ಆರ್ಗನ್ನನ್ನು 1950ರ ದಶಕದ ಕೊನೆಯಲ್ಲಿ ಅವನ ಪಟ್ಟಿಯನ್ನು ಅನುಸರಿಸಿ ಕಟ್ಟಿದ್ದು.

ಗುರುವಾರ: ವೈಮಾರ್, ನೌಮ್‌ಬುರ್ಗ್

ವೈಮಾರ್‌ನಲ್ಲಿ ನೋಡಬೇಕಾದ ಮುಖ್ಯ ಸ್ಥಳವೇ ಇಲ್ಲ. ಬಾಖ್ ಆರ್ಗನ್ ನುಡಿಸಿದ ಅರಮನೆ ಚರ್ಚು 1774ರಲ್ಲಿ ಸುಟ್ಟುಹೋಯಿತು. ಅದಕ್ಕೆ ಸ್ವರ್ಗದ ಕೋಟೆ ಎಂಬ ಅರ್ಥದ ಹೆಸರಿತ್ತು, ಆರ್ಗನ್ ಇದ್ದದ್ದು ಚಾವಣಿಯ ಹತ್ತಿರ. ಉಳಿದಿರುವುದು ನಗರದ ಪೇಟರ್-ಪೌಲ್ ಚರ್ಚು. ಹಿರಿಮಗ ವಿಲ್‌ಹೆಲ್ಮ್ ಫ್ರೀಡೆಮಾನ್ ಮತ್ತು ಕಾರ್ಲ್ ಫಿಲಿಪ್ ಎಮಾನುಯೆಲ್‌ರ ದೀಕ್ಷಾಸ್ನಾನ ಆದದ್ದು ಇಲ್ಲಿ.

ಜಾಗ ಹೋದರೂ ಕೆಲಸದ ಫಲ ಉಳಿದಿದೆ. 1713ರಲ್ಲಿ ಎಳೆಯ ರಾಜಕುಮಾರ ಯೋಹಾನ್ ಎರ್ನ್ಸ್ಟ್ ನೆದರ್ಲ್ಯಾಂಡ್ಸ್‌ನಿಂದ ಇಟಲಿಯ ಸಂಗೀತದ ಪ್ರತಿಗಳನ್ನು ತಂದ. ಬಾಖ್ ಇಟಲಿಯ ವಿವಾಲ್ಡಿಯ ಪಿಟೀಲು ಕನ್ಸರ್ಟೋಗಳನ್ನು (ವಾದ್ಯಮೇಳದೆದುರು ಒಂದೆರಡು ವಾದ್ಯ ಮುಂದಾಳಾಗಿ ನುಡಿಯುವ ರಚನೆ) ಕೀಲಿಮಣೆಗೆ ಇಳಿಸಿದ. ವಿವಾಲ್ಡಿಯ ಎರಡು ಪಿಟೀಲಿನ ಎ ಮೈನರ್ ಕನ್ಸರ್ಟೋವನ್ನೂ ಬಾಖ್‌ನ ಬಿಡಬ್ಲ್ಯೂವಿ 593ನ್ನೂ ಬೆನ್ನುಬೆನ್ನಿಗೆ ಕೇಳಿದರೆ, ಎರಡು ಪಿಟೀಲಿನ ಮಾತುಕತೆಯನ್ನು ಎರಡು ಕೈ, ಎರಡು ಕಾಲಿಗೆ ಹೇಗೆ ಹಂಚಿದ್ದಾನೆಂದು ಸ್ಪಷ್ಟವಾಗುತ್ತದೆ. 1714ರ ಮಾರ್ಚ್ 2ರಂದು ಕನ್ಸರ್ಟ್‌ಮಾಸ್ಟರ್ (ಆಸ್ಥಾನ ಮೇಳದ ಮುಂದಾಳು) ಪದವಿ, ತಿಂಗಳಿಗೊಂದು ಹೊಸ ಕ್ಯಾಂಟಾಟಾ. ಮೇಲಿನ ಹುದ್ದೆ ಖಾಲಿಯಾದಾಗ ಅದು ಇವನಿಗೆ ಬರಲಿಲ್ಲ. ಕ್ಯೋಟೆನ್‌ಗೆ ಹೋಗುತ್ತೇನೆಂದು ಹಟ ಹಿಡಿದ. 1717ರ ನವೆಂಬರ್ 6ರಂದು ಸೆರೆಗೆ ಹಾಕಿ, ಡಿಸೆಂಬರ್ 2ರಂದು ಕೆಲಸದಿಂದ ತೆಗೆದು ಬಿಟ್ಟರು.

ಮಧ್ಯಾಹ್ನ ನೌಮ್‌ಬುರ್ಗ್. ವೈಮಾರ್‌ನಿಂದ ಅರ್ಧ ತಾಸಿನ ರೈಲು. ಸ್ಟೇಷನ್ನಿನಿಂದ ಊರಿಗೆ ಸ್ವಲ್ಪ ದೂರ, ಪುಟ್ಟ ಹಳೆಯ ಟ್ರಾಮ್ ಇದೆ. ಬಹಳ ಜನ ಇಲ್ಲಿ ದೊಡ್ಡ ಕಥೀಡ್ರಲ್ ನೋಡಿ ಹೋಗಿಬಿಡುತ್ತಾರೆ. ಬಾಖ್‌ಗಾಗಿ ಬಂದವರು ಹೋಗಬೇಕಾದ್ದು ಚೌಕದ ಪಕ್ಕದ ವೆನ್ಸೆಲ್ ಚರ್ಚಿಗೆ. ಇಡೀ ಪ್ರವಾಸದಲ್ಲಿ ಒಂದೇ ಆರ್ಗನ್ ಕೇಳಲು ಸಾಧ್ಯವಿದ್ದರೆ ಇದನ್ನೇ ಕೇಳಿ. ಬೇಸಿಗೆಯಲ್ಲಿ ವಾರದ ಕೆಲವು ದಿನ ಮಧ್ಯಾಹ್ನ 12ಕ್ಕೆ ನುಡಿಸುತ್ತಾರೆ. ಆ ದಿನ ಬುಧವಾರವೋ ಶನಿವಾರವೋ ಆದರೆ ವೇಳಾಪಟ್ಟಿಯನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು ಸಾರ್ಥಕ.

ಜಕಾರಿಯಾಸ್ ಹಿಲ್ಡೆಬ್ರಾಂಟ್ ಕಟ್ಟಿ 1746ರಲ್ಲಿ ಮುಗಿಸಿದ್ದು, ಮೂರು ಕೀಲಿಮಣೆ, ಪೆಡಲ್, 53 ಸ್ಟಾಪ್. ಅದೇ ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಬಂದವರು ಬಾಖ್ ಮತ್ತು ಇನ್ನೊಬ್ಬ ಆರ್ಗನ್ ಕಟ್ಟುವವನಾದ ಗೋಟ್‌ಫ್ರೀಡ್ ಜಿಲ್ಬರ್‌ಮಾನ್. ಬಾಖ್ ಆರ್ಗನ್ ಪರೀಕ್ಷಿಸುವ ಕ್ರಮವನ್ನು ಮಗ ಎಮಾನುಯೆಲ್ ಬರೆದಿಟ್ಟಿದ್ದಾನೆ. ಮೊದಲು, ಇದರ ಶ್ವಾಸಕೋಶ ಗಟ್ಟಿಯಿದೆಯೇ ನೋಡಬೇಕು ಎನ್ನುತ್ತಿದ್ದನಂತೆ. ಇದ್ದ ಸ್ಟಾಪ್‌ಗಳನ್ನೆಲ್ಲ ಹೊರಗೆಳೆದು, ಎರಡೂ ಕೈ ತುಂಬ ಸ್ವರ ಒತ್ತಿ ನುಡಿಸುತ್ತಿದ್ದ. ಕಟ್ಟಿದವರ ಮುಖ ಬಿಳುಚಿಕೊಳ್ಳುತ್ತಿತ್ತು. ಕಾರಣ ಇದೆ. ಒಂದೊಂದೇ ಸ್ಟಾಪ್ ನುಡಿಸಿದಾಗ ಯಾವ ಆರ್ಗನ್ನೂ ಚೆನ್ನಾಗಿಯೇ ಇರುತ್ತದೆ. ಎಲ್ಲ ತೆರೆದಾಗ ಸಾವಿರಾರು ಕೊಳವೆಗಳು ಒಟ್ಟಿಗೆ ಗಾಳಿ ಕೇಳುತ್ತವೆ. ತಿದಿ ಸಣ್ಣದಿದ್ದರೆ, ಅಥವಾ ಗಾಳಿ ಹರಿಯುವ ನಾಳ ಇಕ್ಕಟ್ಟಾಗಿದ್ದರೆ ಒತ್ತಡ ಕುಸಿಯುತ್ತದೆ, ಶ್ರುತಿ ಇಳಿದು ನಾದ ನಡುಗುತ್ತದೆ. ಆ ದೋಷವನ್ನು ಆಮೇಲೆ ಸರಿಪಡಿಸಬೇಕೆಂದರೆ ಒಳಗಿನದೆಲ್ಲ ಬಿಚ್ಚಬೇಕು. ಇಲ್ಲಿಯ ಆರ್ಗನ್ 2000ದಲ್ಲಿ ಪೂರ್ತಿ ದುರಸ್ತಿಯಾಯಿತು. ಪೂರ್ಣ ನಾದ ಎದ್ದಾಗ ಅಡಿಯಿಂದ ಒಂದು ಸ್ವರವೂ ಅಲುಗುವುದಿಲ್ಲ.

ರಾತ್ರಿಗೆ ಹಾಲೆ. ಬಾಖ್‌ನಷ್ಟೇ ಹೆಸರಾದ ಸಂಗೀತಕಾರ ಹ್ಯಾಂಡೆಲ್ ಹುಟ್ಟಿದ ಊರು, ಅವನೂ 1685ರವನೇ. 1719ರಲ್ಲಿ ಹ್ಯಾಂಡೆಲ್ ಲಂಡನ್‌ನಿಂದ ಬಂದಿದ್ದಾನೆಂದು ಕೇಳಿ ಬಾಖ್ ಕ್ಯೋಟೆನ್‌ನಿಂದ ಇಲ್ಲಿಗೆ ಬಂದ. ಬರುವಷ್ಟರಲ್ಲಿ ಹ್ಯಾಂಡೆಲ್ ಹೊರಟುಹೋಗಿದ್ದ. ಇಬ್ಬರೂ ಕೊನೆಗೂ ಭೇಟಿಯಾಗಲೇ ಇಲ್ಲ.

ಶುಕ್ರವಾರ: ಕ್ಯೋಟೆನ್

ಹಾಲೆಯಿಂದ ಮಾಗ್ಡೆಬುರ್ಗ್ ಕಡೆಯ ರೈಲಿನಲ್ಲಿ ಕ್ಯೋಟೆನ್. ಬೆಳಗ್ಗೆ ಅರಮನೆ, ಅದರೊಳಗಿನ ಬಾಖ್ ಮ್ಯೂಸಿಯಂ ನೋಡಿ ಮಧ್ಯಾಹ್ನ ಹೊರಟರೆ ಸಂಜೆಗೆ ಲೈಪ್‌ಜಿಗ್ ಸೇರಬಹುದು.

ರಾಜಕುಮಾರ ಲಿಯೋಪೋಲ್ಡ್ ಸ್ವತಃ ವಾದಕ. ಬಾಖ್‌ಗೆ ವರ್ಷಕ್ಕೆ 400 ಟಾಲರ್ ಸಂಬಳ. ಆಸ್ಥಾನದ ಚರ್ಚು ಕ್ಯಾಲ್ವಿನ್ ಪಂಥದ್ದು, ಆರಾಧನೆಯಲ್ಲಿ ವೈಭವದ ಸಂಗೀತಕ್ಕೆ ಅವಕಾಶವಿಲ್ಲ. ಹಾಗಾಗಿ ಬಾಖ್‌ನ ಬ್ರಾಂಡೆನ್‌ಬುರ್ಗ್ ಕನ್ಸರ್ಟೋಗಳು, ಒಂಟಿ ಪಿಟೀಲಿನ ಸೊನಾಟಾಗಳು, ವೆಲ್ ಟೆಂಪರ್ಡ್ ಕ್ಲಾವಿಯರ್‌ನ ಮೊದಲ ಭಾಗ ಇವೆಲ್ಲ ಈ ವರ್ಷಗಳಿಗೆ ಸೇರುತ್ತವೆ. 1719ರಲ್ಲಿ ಬರ್ಲಿನ್‌ನಿಂದ ಹೊಸ ಹಾರ್ಪ್ಸಿಕಾರ್ಡ್ ಬಂತು. ಐದನೇ ಬ್ರಾಂಡೆನ್‌ಬುರ್ಗ್‌ನ ಮೊದಲ ಭಾಗದ ಕೊನೆಯಲ್ಲಿ, ಅಷ್ಟು ಹೊತ್ತು ಜೊತೆ ನುಡಿಸುತ್ತಿದ್ದ ಹಾರ್ಪ್ಸಿಕಾರ್ಡ್ ಉಳಿದವರನ್ನೆಲ್ಲ ಸುಮ್ಮನಿರಿಸಿ 65 ಬಾರ್ (ತಾಳದ ಆವರ್ತದಂಥ ಅಳತೆ) ಒಂದೇ ಸಮನೆ ಒಬ್ಬಂಟಿಯಾಗಿ ನುಡಿಯುತ್ತದೆ. ಹೊಸ ವಾದ್ಯ ಕೈಗೆ ಬಂದ ಖುಷಿ ಅದರಲ್ಲಿ ಕೇಳಿಸುತ್ತದೆ.

1722ರ ವೆಲ್ ಟೆಂಪರ್ಡ್ ಕ್ಲಾವಿಯರ್ ಅರ್ಥವಾಗಲು ಶ್ರುತಿಯ ಕಷ್ಟ ಗೊತ್ತಿರಬೇಕು. ಹಳೆಯ ಪದ್ಧತಿಯಲ್ಲಿ ಕೆಲವು ಶ್ರುತಿಗಳು ಬಹಳ ಇಂಪಾಗಿ ಕೂರುತ್ತಿದ್ದವು. ಅದರ ಬೆಲೆಗೆ ಉಳಿದ ಕೆಲವು ಕೇಳಲಾರದಷ್ಟು ಕರ್ಕಶವಾಗುತ್ತಿದ್ದವು. ಆ ದೋಷವನ್ನು ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹಂಚಿದರೆ 12 ಮನೆಗಳಲ್ಲಿ ಯಾವುದನ್ನು ಷಡ್ಜ ಮಾಡಿಕೊಂಡರೂ ನುಡಿಸಬಹುದು. ಮೇಜರ್ 12, ಮೈನರ್ 12, ಒಟ್ಟು 24 ಜೋಡಿ ರಚನೆಗಳು ಅದಕ್ಕೆ ಸಾಕ್ಷಿ.

1720ರ ಜುಲೈಯಲ್ಲಿ, ಬಾಖ್ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದಾಗ ಮಾರಿಯಾ ಬಾರ್ಬರಾ ತೀರಿಕೊಂಡಳು. ಅವನು ಮನೆಗೆ ಬಂದಾಗ ಮಣ್ಣು ಮಾಡಿ ಆಗಿತ್ತು. ಮುಂದಿನ ವರ್ಷ ಡಿಸೆಂಬರ್ 3ರಂದು ಗಾಯಕಿ ಅನ್ನಾ ಮಗ್ಡಲೇನಾಳ ಜೊತೆ ಮದುವೆ.

ಲೈಪ್‌ಜಿಗ್‌ನಲ್ಲಿ ಚೀಲ ಇಟ್ಟು ನೇರ ಥಾಮಸ್ ಚರ್ಚಿಗೆ. ಬಾಗಿಲು 45 ನಿಮಿಷ ಮೊದಲು ತೆರೆಯುತ್ತದೆ. ಮುಂಗಡ ಕಾದಿರಿಸುವಿಕೆ ಇಲ್ಲ, ಬಾಗಿಲಲ್ಲಿ ಕೆಲವು ಯೂರೋ ಕೊಟ್ಟು ಕೊಳ್ಳುವ ಕಾರ್ಯಕ್ರಮ ಪಟ್ಟಿಯೇ ಟಿಕೆಟ್ಟು. ಇದು ಪ್ರಾರ್ಥನೆ, ಕಚೇರಿಯಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಶಾಲಾ ರಜೆಯಲ್ಲಿ ಥಾಮಸ್ ಮೇಳದ ಹುಡುಗರು ಇರುವುದಿಲ್ಲ, ಅತಿಥಿ ಮೇಳಗಳು ಹಾಡುತ್ತವೆ. ಸಾಕ್ಸನಿಯ ರಜೆಯ ದಿನಾಂಕ ನೋಡದೆ ವಿಮಾನದ ಟಿಕೆಟ್ ಮಾಡಬೇಡಿ.

ಶನಿವಾರ: ಲೈಪ್‌ಜಿಗ್

1723ರ ಮೇ ತಿಂಗಳಲ್ಲಿ ನಾಲ್ಕು ಗಾಡಿ ಸಾಮಾನು, ಎರಡು ಸಾರೋಟಿನಲ್ಲಿ ಸಂಸಾರದ ಜೊತೆ ಬಾಖ್ ಇಲ್ಲಿಗೆ ಬಂದ. ಕೆಲಸ ಥಾಮಸ್ ಶಾಲೆಯ ಕ್ಯಾಂಟರ್‌ನದು, ಅಂದರೆ ಹುಡುಗರಿಗೆ ಸಂಗೀತ ಕಲಿಸಿ ಊರಿನ ಚರ್ಚುಗಳ ಸಂಗೀತ ನಡೆಸುವುದು. ಅದಕ್ಕೆ ಪುರಸಭೆಗೆ ಮೊದಲು ಬೇಕಿದ್ದವನು ಸಂಗೀತಕಾರ ಟೆಲೆಮಾನ್, ನಂತರ ಗ್ರೌಪ್ನರ್. ಇಬ್ಬರೂ ಸಿಗಲಿಲ್ಲವೆಂದು ಬಾಖ್. ಕೆಲಸ 27 ವರ್ಷ ನಡೆಯಿತು.

ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕ್ಯಾಂಟಾಟಾ. ಎಲ್ಲ ವಾದ್ಯ, ದನಿಗಳ ಸ್ವರ ಒಟ್ಟಿಗಿರುವ ಸ್ಕೋರ್ ಬರೆಯಬೇಕು, ಅದರಿಂದ ಒಬ್ಬೊಬ್ಬರಿಗೂ ಬೇರೆ ಹಾಳೆ ನಕಲು ಮಾಡಿಸಬೇಕು, ಭಾನುವಾರ ಬೆಳಗ್ಗೆ ಹಾಡಿಸಬೇಕು. ನಕಲು ಮಾಡುವವರು ಶಾಲೆಯ ಹುಡುಗರು, ಹೆಂಡತಿ, ಮಕ್ಕಳು. ಜೊತೆಗೆ ಶ್ರುತಿಯ ತಾಪತ್ರಯ: ಚರ್ಚಿನ ಆರ್ಗನ್ ಉಳಿದ ವಾದ್ಯಗಳಿಗಿಂತ ಒಂದು ಪೂರ್ಣ ಸ್ವರ ಮೇಲೆ ಕೂತಿತ್ತು. ಆದ್ದರಿಂದ ಆರ್ಗನ್ ಹಾಳೆಯನ್ನು ಮಾತ್ರ ಒಂದು ಸ್ವರ ಇಳಿಸಿ ಬರೆಯಬೇಕಾಗಿತ್ತು. ನಕಲುಗಾರ ಇದನ್ನು ಮರೆತರೆ ಭಾನುವಾರ ಬೆಳಗ್ಗೆ ಏನಾಗುತ್ತಿತ್ತೆಂದು ಹೇಳಬೇಕಿಲ್ಲ.

1730ರ ಆಗಸ್ಟ್ 23ರಂದು ಅವನು ಪುರಸಭೆಗೆ ಬರೆದ ಮನವಿಯಲ್ಲಿ ಹುಡುಗರ ಲೆಕ್ಕವಿದೆ: ಉಪಯೋಗಕ್ಕೆ ಬರುವವರು 17, ಇನ್ನೂ ಬಾರದವರು 20, ಯಾವತ್ತಿಗೂ ಆಗದವರು 17. ಅದೇ ಅಕ್ಟೋಬರಿನಲ್ಲಿ ಗೆಳೆಯ ಎರ್ಡ್‌ಮಾನ್‌ಗೆ ಬರೆದ ಪತ್ರದಲ್ಲಿ ಆದಾಯ ಸುಮಾರು 700 ಟಾಲರ್ ಎನ್ನುತ್ತಾನೆ. ಶವಸಂಸ್ಕಾರ ಹೆಚ್ಚಾದರೆ ಅದು ಏರುತ್ತದೆ, ಊರಿನ ಗಾಳಿ ಚೆನ್ನಾಗಿದ್ದರೆ ಇಳಿಯುತ್ತದೆ, ಹೋದ ವರ್ಷ ಇದರಿಂದಲೇ 100 ಟಾಲರ್‌ಗಿಂತ ಹೆಚ್ಚು ಕಳೆದುಕೊಂಡೆ ಎಂದೂ ಬರೆಯುತ್ತಾನೆ. ತುಂಬು ಸಂಸಾರದ ಮನುಷ್ಯ ಕೂತು ಹಾಕಿದ ಲೆಕ್ಕ ಇದು. ಯೇಸುವಿನ ಯಾತನೆಯ ಕಥೆಯನ್ನು ಹಾಡಾಗಿಸಿದ ಮ್ಯಾಥ್ಯೂ ಪ್ಯಾಶನ್ ಬರೆದವನೂ ಇದೇ ಮನುಷ್ಯ ಎಂಬುದನ್ನು ಮರೆಯದೆ ಓದಬೇಕು.

ಬೆಳಗ್ಗೆ ಮೊದಲು ನಿಕೊಲಾಯ್ ಚರ್ಚು. ಜಾನ್ ಪ್ಯಾಶನ್ ಮೊದಲು ಕೇಳಿಸಿದ್ದು ಇಲ್ಲಿ, 1724ರ ಏಪ್ರಿಲ್ 7ರಂದು. ಬಾಖ್ ಥಾಮಸ್ ಚರ್ಚೆಂದು ಅಚ್ಚು ಹಾಕಿಸಿಬಿಟ್ಟಿದ್ದ. ಪುರಸಭೆ ಒಪ್ಪಲಿಲ್ಲ. ಹಾಗಾದರೆ ಅಟ್ಟಣಿಗೆಯಲ್ಲಿ ಜಾಗ ಮಾಡಿಕೊಡಿ, ಹಾರ್ಪ್ಸಿಕಾರ್ಡ್ ರಿಪೇರಿ ಮಾಡಿಸಿ ಎಂದು ಕೇಳಿ ಅಲ್ಲೇ ನಡೆಸಿದ. ಈಗ ಕಾಣುವ ತಾಳೆಗರಿಯ ಕಂಬಗಳು 18ನೇ ಶತಮಾನದ ಕೊನೆಯವು, ಬಾಖ್ ನೋಡಿದವಲ್ಲ. ಕ್ಯಾಥರೀನನ್ ಬೀದಿಯ ಝಿಮ್ಮರ್‌ಮಾನ್ ಕಾಫಿ ಮನೆಯೂ ಇಲ್ಲ, 1943ರ ಬಾಂಬ್ ದಾಳಿಯಲ್ಲಿ ಹೋಯಿತು. ಚಳಿಗಾಲದಲ್ಲಿ ಪ್ರತಿ ಶುಕ್ರವಾರ ರಾತ್ರಿ 8ರಿಂದ 10ರವರೆಗೆ ವಿದ್ಯಾರ್ಥಿಗಳ ಮೇಳವನ್ನು ಅವನು ನಡೆಸುತ್ತಿದ್ದದ್ದು ಅಲ್ಲಿ.

ಆಮೇಲೆ ಥಾಮಸ್ ಚರ್ಚಿನ ಎದುರಿನ ಬೋಸೆ ಮನೆಯ ಬಾಖ್ ಮ್ಯೂಸಿಯಂ, ಎರಡು ತಾಸು ಬೇಕು. ಅವನು 1743ರಲ್ಲಿ ಪರೀಕ್ಷಿಸಿದ ಆರ್ಗನ್ನಿನ ಕೀಲಿಮಣೆ ಇಲ್ಲಿದೆ. ಚಿತ್ರಕಾರ ಹೌಸ್‌ಮಾನ್ 1748ರಲ್ಲಿ ಬರೆದ ಬಾಖ್‌ನ ಚಿತ್ರ 2015ರಲ್ಲಿ ಲೈಪ್‌ಜಿಗ್‌ಗೆ ಮರಳಿತು. ಭಂಡಾರದ ಕೋಣೆಯಲ್ಲಿ ಮೂಲ ಹಸ್ತಪ್ರತಿಗಳನ್ನು ಸರದಿಯಲ್ಲಿ ಇಡುತ್ತಾರೆ. ಕಣ್ಣಿನ ಶಸ್ತ್ರಚಿಕಿತ್ಸೆ ಕೆಟ್ಟು 1750ರ ಜುಲೈ 28ರಂದು ಬಾಖ್ ತೀರಿಕೊಂಡ ಮೇಲೆ, ಅನ್ನಾ ಮಗ್ಡಲೇನಾ ಆರು ತಿಂಗಳ ಸಂಬಳಕ್ಕೆ ಮನವಿ ಮಾಡಿಕೊಂಡಳು. ತನ್ನ ಪಾಲಿಗೆ ಬಂದ ಕೋರಲ್ ಕ್ಯಾಂಟಾಟಾಗಳ (ಭಕ್ತರು ಚರ್ಚಿನಲ್ಲಿ ಹಾಡುವ ಹಾಡುಗಳ ಮೇಲೆ ಕಟ್ಟಿದವು) ಹಾಳೆಗಳನ್ನು ಥಾಮಸ್ ಶಾಲೆಗೆ ಬಿಟ್ಟುಕೊಟ್ಟಳು. 1724–25ರಲ್ಲಿ ಶನಿವಾರ ರಾತ್ರಿ ಶಾಯಿ ಆರುವ ಮೊದಲೇ ಹುಡುಗರ ಕೈಗೆ ಹೋಗುತ್ತಿದ್ದ ಹಾಳೆಗಳವು. ಈಗ ಈ ಮನೆಯ ಬಾಖ್ ಸಂಗ್ರಹದಲ್ಲೇ ಇವೆ.

ಮಧ್ಯಾಹ್ನ 2ಕ್ಕೇ ಚೌಕ ದಾಟಿ ಸರತಿಯಲ್ಲಿ ನಿಲ್ಲಿ. ಶನಿವಾರದ ಪ್ರಾರ್ಥನೆಯಲ್ಲಿ ಸಾಮಾನ್ಯವಾಗಿ ಬಾಖ್‌ನ ಒಂದು ಕ್ಯಾಂಟಾಟಾ ಪೂರ್ತಿ ಇರುತ್ತದೆ, ಗೆವಾಂಟ್‌ಹೌಸ್ ವಾದ್ಯಮೇಳದ ಜೊತೆ. ವಾದ್ಯಗಾರರಿರುವುದು ಪಶ್ಚಿಮದ ಅಟ್ಟಣಿಗೆಯಲ್ಲಿ, ಬೆನ್ನ ಹಿಂದೆ. ತಿರುಗಿ ನೋಡುವುದು ಬಿಟ್ಟು ಎದುರು ನೋಡಿದರೆ ಬಲಿಪೀಠದ ಮುಂದೆ ನೆಲದಲ್ಲಿ ಕಂಚಿನ ಹಲಗೆ ಕಾಣುತ್ತದೆ, ಮೇಲೆ ಯಾರೋ ಇಟ್ಟ ಹೂವು. 1950ರಿಂದ ಬಾಖ್ ಅಲ್ಲಿದ್ದಾನೆ. ಹುಡುಗರ ದನಿ ಅವನ ಮೇಲಿಂದ ಹಾದು ಹೋಗುತ್ತದೆ.